ಗಾರ್ಡಿಯನ್ ಎನ್‌ಒಸಿಗೆ ಸಹಿ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ನನ್ನ ಸೋದರಮಾವನಿಗೆ ಹುಟ್ಟಿನಿಂದಲೇ ಬುದ್ಧಿಮಾಂದ್ಯತೆ ಇದೆ, ಜೊತೆಗೆ ಫಿಟ್ಸ್. ತಾತ ಕೇಂದ್ರ ಸರ್ಕಾರಿ ನೌಕರಿಯಲ್ಲಿದ್ದವರು. ತಾತ, ಅಜ್ಜಿ ಇಬ್ಬರೂ ಹೋದ ಮೇಲೆ ಕುಟುಂಬ ಪಿಂಚಣಿ ಮಾವನಿಗೆ ಬರಬೇಕು, ಅದೂ ಜೀವನಪೂರ್ತಿ. ಆದರೆ ದುಡ್ಡು ತೆಗೆದು ಖರ್ಚು ಮಾಡುವಷ್ಟು ತಿಳುವಳಿಕೆ ಅವರಿಗಿಲ್ಲ. ಹಾಗಾಗಿ ಗಾರ್ಡಿಯನ್ ಬೇಕಾಯಿತು.

ಅಮ್ಮನ ಚಿಕ್ಕಪ್ಪನ ಮಗ ತಾವೇ ಮುಂದೆ ಬಂದರು. ಓಡಾಟ ಎಲ್ಲ ಅವರದೇ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಡಿಸಿ ಇರುವ ಒಂದು ಸ್ಥಳೀಯ ಸಮಿತಿ ಇರುತ್ತದೆ, ಸರ್ಟಿಫಿಕೇಟ್ ಕೊಡುವುದು ಅದೇ. ಮಾವನ ಒಡಹುಟ್ಟಿದವರೆಲ್ಲ ಎನ್‌ಒಸಿಗೆ, ಅಂದರೆ ನಮ್ಮದೇನೂ ಆಕ್ಷೇಪಣೆ ಇಲ್ಲ ಅನ್ನುವ ಪತ್ರಕ್ಕೆ, ಸಹಿ ಹಾಕಿದರು. ಮಾವ ಆ ಗಾರ್ಡಿಯನ್ ಮನೆಗೆ ಹೋದರು. ಪಾಸ್‌ಬುಕ್, ಎಟಿಎಂ ಕಾರ್ಡು, ಬ್ಯಾಂಕಿನ ಮೆಸೇಜ್ ಬರುವ ಮೊಬೈಲ್ ನಂಬರ್, ಮೂರೂ ಒಬ್ಬರ ಕೈಯಲ್ಲೇ.

ಪ್ರತಿ ನವೆಂಬರ್‌ನಲ್ಲಿ ಮಾವನಿಗೆ ಹೊಸ ಅಂಗಿ ಹಾಕಿಸಿ ಬ್ಯಾಂಕಿಗೆ ಕರೆದುಕೊಂಡು ಹೋಗುತ್ತಿದ್ದರು, ಜೀವಿತ ಪ್ರಮಾಣಪತ್ರ ಕೊಡಲು. ಆ ಫೋಟೊ ಫ್ಯಾಮಿಲಿ ಗ್ರೂಪಿಗೂ ಬರುತ್ತಿತ್ತು. ಎಲ್ಲರೂ ಕೈ ಮುಗಿಯುವ ಇಮೋಜಿ ಹಾಕುತ್ತಿದ್ದರು.

ಒಮ್ಮೆ ಹೇಳದೆ ಹೋದಾಗ ಅಮ್ಮನಿಗೆ ಕಂಡಿದ್ದೇ ಬೇರೆ. ಚಪ್ಪಲಿಯ ಪಟ್ಟಿ ಹರಿದು ದಾರ ಕಟ್ಟಿತ್ತು. ಫಿಟ್ಸ್ ಮಾತ್ರೆ ದಿನಕ್ಕೆ ಎರಡು ಕೊಡಬೇಕು, ಒಂದೇ ಕೊಡುತ್ತಿದ್ದರು. "ತುಂಬಾ ದುಬಾರಿ ಅಕ್ಕ, ಪಿಂಚಣಿ ಸಾಲಲ್ಲ" ಅಂದರಂತೆ. ಲೆಕ್ಕ ಕೇಳಿದ್ದಕ್ಕೆ "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಮುಖ ಊದಿಸಿಕೊಂಡರು. ಈ ಮಾತು ಬಂತು ಅಂದರೆ ಅಲ್ಲಿ ಲೆಕ್ಕ ಇಲ್ಲ ಅಂತಲೇ ತಿಳಿದುಕೊಳ್ಳಿ.

ಬ್ಯಾಂಕಿನವರು ಗಾರ್ಡಿಯನ್ ಬಿಟ್ಟು ಬೇರೆಯವರಿಗೆ ವಿವರ ಕೊಡಲ್ಲ ಅಂದರು. ನ್ಯಾಯವೇ. ಆಮೇಲೆ ಕಾಯ್ದೆ ಓದಿಕೊಂಡೆವು. ಗಾರ್ಡಿಯನ್ ಆದವರು 6 ತಿಂಗಳೊಳಗೆ ಆಸ್ತಿ, ಸಾಲ ಎಲ್ಲದರ ಪಟ್ಟಿ ಕೊಡಬೇಕು. ಪ್ರತಿ ಹಣಕಾಸು ವರ್ಷ ಮುಗಿದು 3 ತಿಂಗಳೊಳಗೆ ಖರ್ಚುವೆಚ್ಚದ ಲೆಕ್ಕ ಒಪ್ಪಿಸಬೇಕು. ಇವರು ಒಂದು ವರ್ಷವೂ ಕೊಟ್ಟಿರಲಿಲ್ಲ. ಯಾಕೆ ಕೊಟ್ಟಿಲ್ಲ ಅಂತ ಯಾರೂ ಕೇಳಿಯೂ ಇರಲಿಲ್ಲ! ನಿಯಮ ಪುಸ್ತಕದಲ್ಲಿದೆ, ಸರಿ. ಆದರೆ ಮನೆಯವರು ಬಾಯಿಬಿಡದಿದ್ದರೆ ಫೈಲ್ ಸುಮ್ನೆ ಕೂತಿರುತ್ತೆ.

ಗಾರ್ಡಿಯನ್ ದುಡ್ಡು ನುಂಗಿದರೆ ಅಥವಾ ಸರಿಯಾಗಿ ನೋಡಿಕೊಳ್ಳದಿದ್ದರೆ ಸಂಬಂಧಿಕರೇ ಅದೇ ಸಮಿತಿಗೆ ಅರ್ಜಿ ಹಾಕಿ ತೆಗೆಸಬಹುದು. ಅಮ್ಮ ಹಾಕಿದರು. ವಿಚಾರಣೆಗೆ ಪಾಸ್‌ಬುಕ್ ತರಲೇಬೇಕಾಯಿತು. ಪ್ರತಿ ತಿಂಗಳೂ ಒಂದೇ ಕಥೆ. ಪಿಂಚಣಿ ಜಮಾ, ಕೆಳಗಿನ ಸಾಲಿನಲ್ಲೇ ಎಟಿಎಂನಿಂದ ದುಡ್ಡು ಖಾಲಿ.

ನೀವು ಸಹಿ ಹಾಕುವ ಮುಂಚೆ ಒಂದು ಷರತ್ತು ಇಡಿ. ಬ್ಯಾಂಕ್ ಮೆಸೇಜ್ ಗಾರ್ಡಿಯನ್ ಅಲ್ಲದ ಇನ್ನೊಬ್ಬರ ಫೋನಿಗೆ ಬರಲಿ. ಮಾತ್ರೆ, ಬಟ್ಟೆಯ ಬಿಲ್ಲುಗಳನ್ನು ಇಟ್ಟುಕೊಳ್ಳಲು ಹೇಳಿ, ಸಮಿತಿಗೆ ಕೊಟ್ಟ ಲೆಕ್ಕದ ಪ್ರತಿ ಪ್ರತಿ ವರ್ಷ ಕೇಳಿ ಪಡೆಯಿರಿ. ಬೇಜಾರಾದರೆ ಆಗಲಿ. ಅಪ್ಪ ಅಮ್ಮ ಕೇಂದ್ರ ಸರ್ಕಾರದ ಪಿಂಚಣಿದಾರರಾಗಿದ್ದರೆ, ಇಂಥ ಮಗ ಅಥವಾ ಮಗಳ ಪರವಾಗಿ ಪಿಂಚಣಿ ಯಾರ ಕೈಗೆ ಹೋಗಬೇಕು ಅಂತ ಅವರು ಬದುಕಿರುವಾಗಲೇ ಬರೆದುಕೊಡಬಹುದು. ತಾತನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಇನ್ನೊಂದು, ಈ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ. ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆಗೆ ಈ ಸಮಿತಿಯ ಬಾಗಿಲು ತಟ್ಟಿ ಪ್ರಯೋಜನ ಇಲ್ಲ.

ಈಗ ಅಮ್ಮನೇ ಗಾರ್ಡಿಯನ್, ಮೆಸೇಜ್ ಬರುವುದು ಚಿಕ್ಕಮ್ಮನ ಫೋನಿಗೆ. ಹೋದ ದುಡ್ಡು ವಾಪಸ್ ಬಂದಿಲ್ಲ. ಅದಕ್ಕೆ ಬೇರೆ ಕೇಸು ಹಾಕಬೇಕು ಅಂತ ವಕೀಲರು ಹೇಳಿದ್ದಾರೆ. ಹಾಕೋದಾ ಬೇಡ್ವಾ ಅಂತ ಮನೆಯಲ್ಲಿ ಇನ್ನೂ ಜಗಳ ನಡೀತಾ ಇದೆ.