ಜಾಕ್ಸನ್ ಹೋಲ್‌ನ ಹಳೆಯ ಟೋಪೋ ಶೀಟುಗಳು: ಯಾವ ಕೆಲಸಕ್ಕೆ ಯಾವುದು?

ಅಮೆರಿಕದ ವಯೋಮಿಂಗ್‌ನಲ್ಲಿ ಟೀಟನ್ ಬೆಟ್ಟಗಳ ಬುಡದಲ್ಲಿರುವ ಕಣಿವೆ ಜಾಕ್ಸನ್ ಹೋಲ್. ಅಲ್ಲಿ ದನ ಸಾಕುತ್ತಿದ್ದ ಹಳೆಯ ರ‍್ಯಾಂಚ್‌ಗಳ ಜಾಗ ಗುರುತಿಸಲು ಯುಎಸ್‌ಜಿಎಸ್ (ಅಮೆರಿಕ ಸರ್ಕಾರದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ) ಹೊರತಂದ ಟೋಪೋ, ಅಂದರೆ ನೆಲದ ಏರಿಳಿತ ತೋರಿಸುವ, ನಕ್ಷೆಗಳಷ್ಟು ಒಳ್ಳೆಯ ಆಧಾರ ಮತ್ತೊಂದಿಲ್ಲ. ಆ ಸಂಸ್ಥೆಯ ‘ಟೋಪೋವ್ಯೂ’ ಜಾಲತಾಣದಲ್ಲಿ ಎಲ್ಲವೂ ಉಚಿತ.

1901ರ ಗ್ರ್ಯಾಂಡ್ ಟೀಟನ್ ಶೀಟು (1:1,25,000) ಕಣಿವೆಯ ಬಹುಭಾಗವನ್ನು ಒಂದೇ ನೋಟಕ್ಕೆ ಕೊಡುತ್ತದೆ. ಅಣೆಕಟ್ಟು ಬರುವ ಮುಂಚಿನ ಜಾಕ್ಸನ್ ಸರೋವರ ಇರುವುದು ಇದರಲ್ಲೇ. 1916ರ ಹೊತ್ತಿಗೆ ನೀರಿನ ಮಟ್ಟ 39 ಅಡಿ ಏರಿ ಹಳೆಯ ದಡ ಮುಳುಗಿತು. ಹಾಗಾಗಿ ಹೊಸ ನಕ್ಷೆಯ ಜೊತೆ ಹೊಂದಿಸುವಾಗ ಸರೋವರದ ಅಂಚನ್ನು ಗುರುತಾಗಿ ಹಿಡಿಯಲೇಬೇಡಿ. ಪಾತ್ರ ಬದಲಿಸುತ್ತಲೇ ಇರುವ ಸ್ನೇಕ್ ನದಿಯೂ ಬೇಡ. ಶೀಟಿನ ನಾಲ್ಕು ಮೂಲೆಗಳ ಅಕ್ಷಾಂಶ-ರೇಖಾಂಶ ಹಿಡಿದು, ಶಿಖರಗಳಿಂದ ತಾಳೆ ನೋಡಿ. ಕಾಡಿಗೆ ಹಸಿರು ಬಣ್ಣ ಹಾಕುವ ಪದ್ಧತಿ ಆಗ ಇರಲಿಲ್ಲ, ಆದ್ದರಿಂದ ಬಿಳಿ ಕಂಡಲ್ಲೆಲ್ಲ ಬಯಲು ಅಂದುಕೊಳ್ಳಬಾರದು. ಇನ್ನು ಅಳತೆ: ಅರ್ಧ ಮಿಲಿಮೀಟರ್ ಅಂದರೆ ನೆಲದ ಮೇಲೆ 62 ಮೀಟರ್. ಒಂಟಿ ಮನೆಯ ತಳಪಾಯ ಹುಡುಕಲು ಇದು ಸಾಲದು.

ಆ ಕೆಲಸಕ್ಕೆ 1960ರ ದಶಕದ 1:24,000 ಶೀಟುಗಳೇ ನಮ್ಮ ಆಯ್ಕೆ. ಅದೇ ಅರ್ಧ ಮಿಲಿಮೀಟರ್ ಇಲ್ಲಿ 12 ಮೀಟರ್. ಮಾರ್ಮನ್ ರೋ (ಕಣಿವೆಯಲ್ಲಿನ ಹಳೆಯ ಮನೆ-ಕೊಟ್ಟಿಗೆಗಳ ಸಾಲು) ನೋಡುವವರು ‘ಮೂಸ್’ ಶೀಟು ತೆಗೆದುಕೊಳ್ಳಿ. ಕಟ್ಟಡಗಳು ಪುಟ್ಟ ಕಪ್ಪು ಚೌಕ, ನೀರಿನ ಕಾಲುವೆಗಳು ನೀಲಿ ಗೆರೆ. ಆದರೆ 1950ರಲ್ಲಿ ರಾಷ್ಟ್ರೀಯ ಉದ್ಯಾನ ವಿಸ್ತರಣೆಯಾದ ಮೇಲಿನ ನಕ್ಷೆಗಳಿವು. ಅಷ್ಟರಲ್ಲಿ ಕೆಡವಿದ ಮನೆಗಳು ಇವುಗಳಲ್ಲಿ ಸಿಗುವುದಿಲ್ಲ. ಇಂಥ ಹಳೆಯ ಶೀಟುಗಳ ಮರುಮುದ್ರಣದಲ್ಲಿ ನೇರಳೆ ಬಣ್ಣ ಕಂಡರೆ, ಅದು ವಿಮಾನದ ಫೋಟೋ ನೋಡಿ ಸೇರಿಸಿದ್ದು, ಸ್ಥಳದಲ್ಲಿ ಪರಿಶೀಲಿಸಿದ್ದಲ್ಲ.

2009ರ ನಂತರದ ‘ಯುಎಸ್ ಟೋಪೋ’ ಎಂಬ ಹೊಸ ಸರಣಿಯ ನಕ್ಷೆಗಳು ದಾರಿ ನೋಡಲು ಸರಿ. ಮನೆಗಳ ಗುರುತೇ ಬಹುತೇಕ ಇಲ್ಲದ ಕಾರಣ ಈ ಹುಡುಕಾಟಕ್ಕೆ ಪ್ರಯೋಜನವಿಲ್ಲ.

ಇಳಿಸಿಕೊಳ್ಳುವಾಗ ಫೈಲಿನ ಬಗೆಗಳಲ್ಲಿ ಜಿಯೋಟಿಫ್ (ಸ್ಥಾನದ ಮಾಹಿತಿ ಸೇರಿರುವ ಚಿತ್ರ) ಆರಿಸಿ. ಕ್ಯುಜಿಐಎಸ್‌ನಲ್ಲಿ (ಉಚಿತ ನಕ್ಷೆ ತಂತ್ರಾಂಶ) ತೆರೆದರೆ ನೇರ ತನ್ನ ಜಾಗದಲ್ಲಿ ಕೂರುತ್ತದೆ. ಜೆಪೆಗ್‌ಗೆ ಸ್ಥಾನದ ಮಾಹಿತಿ ಇರುವುದಿಲ್ಲ, ಕೈಯಾರೆ ಹೊಂದಿಸಬೇಕು. 1:24,000 ಶೀಟಿನ ಯುಟಿಎಂ ಅಂಕಿಗಳು (ಮೀಟರ್‌ಗಳಲ್ಲಿ ಸ್ಥಾನ ಹೇಳುವ ಚೌಕಳಿಯವು) ನ್ಯಾಡ್27 ಎಂಬ ಹಳೆಯ ಸ್ಥಾನಮಾಪನ ಆಧಾರದವು. ಜಿಪಿಎಸ್ ಅನ್ನು ಅದರ ಸಾಮಾನ್ಯ ಆಧಾರವಾದ ಡಬ್ಲ್ಯುಜಿಎಸ್84ರಲ್ಲೇ ಬಿಟ್ಟು ಅವನ್ನು ಹಾಕಿದರೆ ಸುಮಾರು 200 ಮೀಟರ್ ತಪ್ಪುತ್ತೀರಿ. ಮುದ್ರಿಸುವುದಾದರೆ ಜಿಯೋಪಿಡಿಎಫ್ (ಸ್ಥಾನದ ಮಾಹಿತಿ ಇರುವ ಪಿಡಿಎಫ್) ತೆಗೆದುಕೊಂಡು ಶೇ. 100ರಲ್ಲೇ ಮುದ್ರಿಸಿ. ಕಾಗದಕ್ಕೆ ಹೊಂದಿಸಲು ಬಿಟ್ಟರೆ ಅಳತೆ ಕೆಡುತ್ತದೆ. 1:24,000ರಲ್ಲಿ ಒಂದು ಕಿಲೋಮೀಟರ್ 41.7 ಮಿಲಿಮೀಟರ್ ಬರಬೇಕು, ಸ್ಕೇಲಿಟ್ಟು ನೋಡಿ.