ರಾಗಿ ಬ್ರೆಡ್ಡಿಗೆ ಇಸಬ್ಗೋಲ್: ಎಷ್ಟು ಹಾಕಬೇಕು, ಎಲ್ಲಿ ಹಾಕಬಾರದು

ಮೆಡಿಕಲ್ ಶಾಪಿನಲ್ಲಿ ಮಲಬದ್ಧತೆಗೆಂದು ಕೊಡುವ ಇಸಬ್ಗೋಲ್ ಹೊಟ್ಟು, ರಾಗಿ ಬ್ರೆಡ್ ಮಾಡುವವರಿಗೆ ನಿಜಕ್ಕೂ ಕೆಲಸಕ್ಕೆ ಬರುವ ಸಾಮಾನು. ರಾಗಿಯಲ್ಲಿ ಗ್ಲುಟೆನ್, ಅಂದರೆ ಗೋಧಿ ಹಿಟ್ಟನ್ನು ಬಿಡದಂತೆ ಹಿಡಿದಿಡುವ ಅಂಟು, ಇಲ್ಲ. ಮೈದಾ ಬೆರೆಸಿದರೂ ಮಾರನೇ ದಿನಕ್ಕೇ ಬ್ರೆಡ್ ಬಿರುಸಾಗಿ, ಚಾಕು ಇಟ್ಟ ಕಡೆಯೆಲ್ಲ ಉದುರುತ್ತದೆ.

ಬ್ರೆಡ್ ಗಟ್ಟಿಯಾಗುವುದು ಬರೀ ಒಣಗಿ ಅಲ್ಲ. ಬೇಯುವಾಗ ನೀರು ಕುಡಿದು ಉಬ್ಬಿದ ಪಿಷ್ಟ ಆರಿದ ಮೇಲೆ ಮತ್ತೆ ಹರಳುಗಟ್ಟುತ್ತದೆ. ಫ್ರಿಜ್ಜಿನಲ್ಲಿ ಇಟ್ಟರೆ ಇದು ಇನ್ನೂ ಬೇಗ. ಇಸಬ್ಗೋಲಿನ ನಾರು ನೀರನ್ನು ಲೋಳೆಯಾಗಿ ಹಿಡಿದಿಟ್ಟುಕೊಳ್ಳುವುದರಿಂದ ಒಳಭಾಗ ಹೆಚ್ಚು ಹೊತ್ತು ಮೆತ್ತಗಿರುತ್ತದೆ, ಹೋಳೂ ಮುರಿಯುವುದಿಲ್ಲ.

ಒಂದು ದೊಡ್ಡ ಬ್ರೆಡ್ಡಿಗೆ ಅಳತೆ: ಮೈದಾ 350 ಗ್ರಾಂ, ರಾಗಿ ಹಿಟ್ಟು 150 ಗ್ರಾಂ, ಇಸಬ್ಗೋಲ್ 7 ಗ್ರಾಂ, ಸಕ್ಕರೆ 25 ಗ್ರಾಂ, ಉಪ್ಪು 9 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 6 ಗ್ರಾಂ, ಎಣ್ಣೆ 20 ಗ್ರಾಂ, ನೀರು ಸುಮಾರು 390 ಮಿ.ಲೀ. ಇದರಲ್ಲಿ 60 ಮಿ.ಲೀ. ನೀರು ಇಸಬ್ಗೋಲಿಗೆಂದೇ. ಆ ನೀರು ಹಾಕದೆ ಹೊಟ್ಟು ಮಾತ್ರ ಸೇರಿಸಿದರೆ ಅದು ಹಿಟ್ಟಿನ ನೀರನ್ನೇ ಎಳೆದುಕೊಂಡು ಬ್ರೆಡ್ ಮೊದಲಿಗಿಂತ ಗಟ್ಟಿಯಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

ಹೊಟ್ಟನ್ನು ನೇರ ನೀರಿಗೆ ಸುರಿಯಬೇಡಿ, ಗಂಟು ಕಟ್ಟುತ್ತದೆ. ಒಣ ಹಿಟ್ಟಿನಲ್ಲೇ ಚೆನ್ನಾಗಿ ಬೆರೆಸಿ, ಆಮೇಲೆ ನೀರು ಹಾಕಿ ಕಲಸಿ. ಮೊದಲು ಕೈಗೆ ಅಂಟುತ್ತದೆ; ಮೈದಾ ಉದುರಿಸಲು ಹೋಗದೆ 20 ನಿಮಿಷ ಮುಚ್ಚಿಡಿ. ಲೋಳೆ ಬಿಗಿಯಾಗಿ ಹಿಟ್ಟು ತಾನೇ ಹದಕ್ಕೆ ಬರುತ್ತದೆ. ಆಮೇಲೆ ನಾದಿ. ಬೇಯಿಸುವಾಗ ಮೇಲಿನ ಬಣ್ಣ ನಂಬಬೇಡಿ, ಒಳಗಿನ ಶಾಖ 96 ಡಿಗ್ರಿ ದಾಟಿರಬೇಕು. ಇಲ್ಲದಿದ್ದರೆ ನಡುವೆ ಅಂಟಂಟಾಗಿ ಉಳಿಯುತ್ತದೆ. ಹೊಟ್ಟು 15 ಗ್ರಾಂ ದಾಟಿದರಂತೂ ಎಷ್ಟು ಬೇಯಿಸಿದರೂ ಆ ಅಂಟು ಹೋಗುವುದು ಕಷ್ಟ.

ಕೊಳ್ಳುವಾಗ ಪ್ಯಾಕೆಟ್ಟಿನ ಹಿಂದೆ ಓದಿ. ಕಿತ್ತಳೆ ಸ್ವಾದದ ಬಗೆಗಳಲ್ಲಿ ಸಕ್ಕರೆಯೋ ಹುಳಿಯೋ ಸೇರಿರುತ್ತದೆ, ಬೇಡ. ಬಿಳಿಚಾದ, ಕಸವಿಲ್ಲದ, ಬರೀ ಹೊಟ್ಟಿರುವುದೇ ಬೇಕು. ನುಣ್ಣನೆ ಪುಡಿ ಸಿಕ್ಕರೆ ಅಳತೆ ಸ್ವಲ್ಪ ತಗ್ಗಿಸಿ, ಅದು ನೀರನ್ನು ಬೇಗ ಹೀರುತ್ತದೆ. ಕೆಲವು ಪುಡಿಗಳಿಂದ ಬ್ರೆಡ್ಡಿಗೆ ನೇರಳೆ ಛಾಯೆ ಬರುವುದುಂಟು. ರಾಗಿಯ ಬಣ್ಣದಲ್ಲಿ ಅದು ಕಾಣುವುದಿಲ್ಲ, ಬಿಳಿ ಬ್ರೆಡ್ಡಿನಲ್ಲಿ ಎದ್ದು ಕಾಣುತ್ತದೆ.

ಬೇರೆ ನಾರುಗಳಲ್ಲಿ ಗೋಧಿ ತೌಡು ಅಗ್ಗ. ಆದರೆ ಅದರ ಚೂರುಗಳು ಗ್ಲುಟೆನ್ ಎಳೆಗಳನ್ನು ಕತ್ತರಿಸಿ ಬ್ರೆಡ್ ಕುಗ್ಗಿಸುತ್ತವೆ. ಅರ್ಧ ಗಂಟೆ ನೆನೆಸಿಯೇ ಹಾಕಬೇಕು. ಚಿಕೋರಿ ಬೇರಿನಿಂದ ತೆಗೆಯುವ ಇನುಲಿನ್ ಎಂಬ ನಾರು ಇಸಬ್ಗೋಲಿನಂತೆ ನೀರು ಹಿಡಿಯುವುದಿಲ್ಲ, ಮೇಲ್ಭಾಗವೂ ಬೇಗ ಕೆಂಪಾಗುತ್ತದೆ. ಈ ಕೆಲಸಕ್ಕೆ ಅದನ್ನು ನಾವು ಹೇಳುವುದಿಲ್ಲ.

ಬೆಣ್ಣೆ, ಹಾಲು ಧಾರಾಳವಾಗಿರುವ ಮೈದಾ ಬನ್ನಿಗೆ ಇಸಬ್ಗೋಲಿನಿಂದ ಹೆಚ್ಚು ಲಾಭವಿಲ್ಲ. ಖಾರಾ ಬಿಸ್ಕತ್ತಿಗೆ, ರಸ್ಕಿಗೆ ಹಾಕಲೇಬೇಡಿ, ಗರಿಗರಿ ಕೆಡುತ್ತದೆ.

ಇನ್ನೊಂದು ಮಾತು. ಇದು ಮೆತ್ತಗಿಡುತ್ತದೆಯೇ ಹೊರತು ಬೂಷ್ಟನ್ನು ತಡೆಯುವುದಿಲ್ಲ. ತೇವ ಜಾಸ್ತಿ ಇರುವುದರಿಂದ ಮಳೆಗಾಲದಲ್ಲಿ ಬೂಷ್ಟು ಬೇಗ ಬಂದರೂ ಬಂದೀತು. ಪೂರ್ತಿ ಆರಿದ ಮೇಲಷ್ಟೇ ಕವರಿಗೆ ಹಾಕಿ. ಎರಡು ದಿನದಲ್ಲಿ ಮುಗಿಯದಷ್ಟಿದ್ದರೆ ಹೋಳು ಮಾಡಿ ಫ್ರೀಜರಿನಲ್ಲಿಡಿ, ಬೇಕಾದಾಗ ನೇರ ತವಾ ಮೇಲೆ ಬಿಸಿ ಮಾಡಿ.