ದಾಸೋಜನೋ ಮೈಕೆಲ್ಯಾಂಜೆಲೊನೋ: ಪ್ರಬಂಧಕ್ಕೆ ಶಿಲ್ಪಿಯ ಆಯ್ಕೆ

ದಾವಣಗೆರೆಯಲ್ಲಿ ದೃಶ್ಯಕಲೆ ಓದುವ ವಿದ್ಯಾರ್ಥಿಗಳು ಪ್ರಬಂಧಕ್ಕೆ ಶಿಲ್ಪಿಯನ್ನು ಆರಿಸುವಾಗ ಸಾಮಾನ್ಯವಾಗಿ ಮೊದಲು ನೆನೆಯುವುದು ಮೈಕೆಲ್ಯಾಂಜೆಲೊನನ್ನು. ಅದರಲ್ಲಿ ತಪ್ಪೇನಿಲ್ಲ. ಬೇರೆಯವರು ಕೆತ್ತಲು ಆರಂಭಿಸಿ ಕೈಬಿಟ್ಟಿದ್ದ ಅಮೃತಶಿಲೆಯ ಬಂಡೆಯಿಂದ ಅವನು 1501ರಿಂದ 1504ರ ನಡುವೆ ಬಿಡಿಸಿದ, 5 ಮೀಟರಿಗೂ ಎತ್ತರದ ಡೇವಿಡ್ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ. ಆದರೆ ಮೂಲ ಕೃತಿ ಇರುವುದು ಫ್ಲಾರೆನ್ಸ್‌ನಲ್ಲಿ, ನಮಗೆ ದಕ್ಕುವುದು ಚಿತ್ರಪಟ ಮಾತ್ರ.

ಹೊಯ್ಸಳರ ಕಾಲದ ಶಿಲ್ಪಿ, ಬಳ್ಳಿಗಾವೆಯ ದಾಸೋಜನ ಕೆಲಸವನ್ನಾದರೋ ಬೇಲೂರಿಗೆ ಹೋಗಿ ಕಣ್ಣಾರೆ ನೋಡಬಹುದು. 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ ದೇಗುಲದ ಮದನಿಕೆಯರಲ್ಲಿ, ಅಂದರೆ ಸುಂದರಿಯರ ಶಿಲ್ಪಗಳಲ್ಲಿ, ಕೆಲವರ ಪೀಠದ ಮೇಲೆ ಅವನ ಮತ್ತು ಮಗ ಚಾವಣನ ಹೆಸರುಗಳಿವೆ. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲಾದ್ದರಿಂದಲೇ ಸರದ ಮಣಿಯೊಂದೊಂದನ್ನೂ ಬಿಡಿಬಿಡಿಯಾಗಿ ಕೊರೆಯಲು ಸಾಧ್ಯವಾಯಿತು. ಮೈಕೆಲ್ಯಾಂಜೆಲೊ ಸಹಿ ಹಾಕಿದ ಕೃತಿ, ಸತ್ತ ಯೇಸುವನ್ನು ತಾಯಿ ಮರಿಯಳು ಮಡಿಲಲ್ಲಿಟ್ಟುಕೊಂಡಿರುವ ‘ಪಿಯೆಟಾ’ ಒಂದೇ, ಅದೂ ಮರಿಯಳ ಎದೆಪಟ್ಟಿಯ ಮೇಲೆ. ಹೊಯ್ಸಳ ಶಿಲ್ಪಿಗಳಿಗೆ ಸಹಿ ಅಪರೂಪವಾಗಿರಲಿಲ್ಲ.

ಫ್ರಾನ್ಸಿನ ಶಿಲ್ಪಿ ರೋಡೆನ್‌ನನ್ನು ಆರಿಸುವವರು ಉಳಿಯನ್ನು ಮರೆಯಬೇಕು: ಅವನ ‘ಚಿಂತಕ’ ಮಣ್ಣಿನಲ್ಲಿ ರೂಪುಗೊಂಡು ಕಂಚಿನಲ್ಲಿ ಹಲವು ಬಾರಿ ಎರಕಗೊಂಡಿದ್ದಾನೆ.

ನನ್ನ ಮತ ದಾಸೋಜನಿಗೆ. ಬೇಲೂರು ದೂರವೆನಿಸಿದರೆ, ಪಕ್ಕದ ಹರಿಹರದಲ್ಲಿ 1224ರ ಹರಿಹರೇಶ್ವರ ದೇಗುಲದ ಕಂಬಗಳಿಂದಲೇ ಹೊಯ್ಸಳರ ಕಲ್ಲುಕೆಲಸದ ಅಭ್ಯಾಸವನ್ನು ಆರಂಭಿಸಬಹುದು.